ಐಡಲ್ ಕುಣಿತ: ಮೊದಲು ಹೋಸ್ ನೋಡುವುದಾ, ವಾಲ್ವ್ ಬಿಚ್ಚುವುದಾ?

ಹೊಸಂಗಡಿ ರೈಲ್ವೆ ಗೇಟಿನ ಮುಂದೆ ನಿಂತಾಗ ನನ್ನ ಹಳೇ ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕಹಾಕಿ ಪೆಟ್ರೋಲ್ ಚಿಮ್ಮಿಸುವ) ಕಾರಿನ ಆರ್‌ಪಿಎಂ ಮುಳ್ಳು 600ಕ್ಕೆ ಇಳಿದು 1,400ಕ್ಕೆ ಹಾರುತ್ತಿತ್ತು. ಇಂಥ ಕಾರುಗಳಲ್ಲಿ ಬಿಸಿಯಾದ ಇಂಜಿನ್ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಆಕ್ಸಿಲರೇಟರ್ ಒತ್ತದೆ ಓಡುವಾಗ, ಸುಮಾರು 750–900ರಲ್ಲಿ ಅಲುಗದೆ ನಿಲ್ಲಬೇಕು. ಅನುಮಾನ ಎರಡರ ಮೇಲೆ: ಐಡಲ್ ಏರ್ ವಾಲ್ವಿನಲ್ಲಿ (ಐಡಲ್‌ನಲ್ಲಿ ಇಂಜಿನ್ನಿಗೆ ಬೇಕಾದಷ್ಟೇ ಗಾಳಿ ಬಿಡುವ ವಾಲ್ವ್) ಮಸಿ, ಇಲ್ಲವೇ ವ್ಯಾಕ್ಯೂಮ್ ಹೋಸಿನಲ್ಲಿ (ಇಂಜಿನ್ ಗಾಳಿ ಎಳೆಯುವ ಕಡೆಗೆ ಜೋಡಿಸಿದ ರಬ್ಬರ್ ಕೊಳವೆ) ಸೀಳು.

ವಾಲ್ವ್ ಕಟ್ಟಿಕೊಂಡಿದ್ದರೆ ಎಸಿ ಹಾಕಿದಾಗ, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಇಂಜಿನ್ ಆಫ್ ಆಗುತ್ತದೆ. ಬಿಚ್ಚಿ, ಮಸಿ ತೆಗೆಯುವ ಕ್ಲೀನರ್ ಸ್ಪ್ರೇ ಹೊಡೆದು ಒರೆಸಿದರೆ ಎಷ್ಟೋ ಸಲ ಸಾಕು. ಒಳಗಿನ ಪಿನ್ ಬೆರಳಲ್ಲಿ ಒತ್ತಬೇಡಿ, ಹಾಳಾಗಬಹುದು. ವಾಲ್ವಿನ ಅಡಿಯ ಗ್ಯಾಸ್ಕೆಟ್ (ಗಾಳಿ ಸೋರದಂತೆ ಹಾಕುವ ತೆಳು ಪದರ) ಹರಿದರೆ ಇನ್ನೊಂದು ತಲೆನೋವು.

ಹೋಸ್ ಸೀಳಿದ್ದರೆ ಕಂಪ್ಯೂಟರ್ ಹಿಡಿತಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಕಿವಿಗೊಟ್ಟರೆ ‘ಸ್ಸ್’ ಅನ್ನುವುದೂ ಉಂಟು. ಇಂಜಿನ್ ಓಡುತ್ತಿರುವಾಗ, ಇಕ್ಕುಳಕ್ಕೆ ಬಟ್ಟೆ ಸುತ್ತಿ ಒಂದೊಂದೇ ಹೋಸನ್ನು ಮ್ಯಾನಿಫೋಲ್ಡಿನ (ಇಂಜಿನ್ನಿಗೆ ಗಾಳಿ ಹಂಚುವ ಕೊಳವೆಗಳ ಗುಂಪು) ಬುಡದಲ್ಲಿ ಮೆತ್ತಗೆ ಅಮುಕಿ. ಐಡಲ್ ನೆಟ್ಟಗಾಯಿತಾ? ಕಳ್ಳ ಸಿಕ್ಕಿದ ಹಾಗೆಯೇ. ಕೆಲವರು ಕ್ಲೀನರ್ ಸ್ಪ್ರೇ ಹೊಡೆದು ಹುಡುಕುತ್ತಾರೆ. ಬಿಸಿ ಇಂಜಿನ್ ಮೇಲೆ ಅದು ಬೆಂಕಿಯ ಜೊತೆ ಆಟ, ನನಗಂತೂ ಬೇಡ.

ನಾನಾದರೆ ಮೊದಲು ಹೋಸ್. ಖರ್ಚಿಲ್ಲ, ಏನೂ ಬಿಚ್ಚಬೇಕಿಲ್ಲ. ನನ್ನ ಕಾರಿನ ಪಿಸಿವಿ ಹೋಸ್ (ಇಂಜಿನ್ ಒಳಗಿನ ಹೊಗೆಯನ್ನು ಮತ್ತೆ ಮ್ಯಾನಿಫೋಲ್ಡಿಗೆ ಒಯ್ಯುವ ಕೊಳವೆ) ಮೇಲಿಂದ ಹೊಸದರ ಹಾಗೇ ಕಾಣುತ್ತಿತ್ತು. ಬಗ್ಗಿಸಿ ನೋಡಿದರೆ ಅಡಿಯಲ್ಲಿ ಮೀನಿನ ಹಾಗೆ ಬಾಯಿಬಿಟ್ಟಿತ್ತು. ಎಸಿ ಹಾಕಿದಾಗ ಮಾತ್ರ ಸಾಯುವ ಕಾರಾದರೆ ನೇರ ವಾಲ್ವಿಗೇ ಕೈ ಹಾಕಿ. ಸುಮ್ನೆ ಐಡಲ್ ಸ್ಕ್ರೂ ತಿರುಗಿಸಿ ಸರಿಮಾಡುತ್ತೇನೆ ಅನ್ನುವವರಿಗೆ ಮಾತ್ರ ಬಾನೆಟ್ ತೆರೆದು ಕೊಡಬೇಡಿ.