ನವನಗರದಲ್ಲಿ ಕಲ್ಲು-ಗಚ್ಚಿನ ಮನೆ: ಎರಡು ಬೇಸಿಗೆಗಳ ನಂತರ

ಬಾಗಲಕೋಟೆಯ ನವನಗರದಲ್ಲಿ ಕಟ್ಟಿಸಿದ ಮನೆಗೆ ನಾವು ಬಂದು ಎರಡು ಬೇಸಿಗೆಗಳು ಕಳೆದಿವೆ. ನಕ್ಷೆ ಬರೆಯುವುದರಿಂದ ಹಿಡಿದು ಗೌಂಡಿಗಳನ್ನು ಗೊತ್ತುಮಾಡುವವರೆಗೆ ಎಲ್ಲವನ್ನೂ ನೋಡಿಕೊಂಡದ್ದು, ಸ್ಥಳೀಯ ಕಲ್ಲು ಮತ್ತು ಸುಣ್ಣದಲ್ಲಿಯೇ ಕಟ್ಟುತ್ತೇವೆ ಎನ್ನುವ ಒಂದು ಸಣ್ಣ ವಾಸ್ತುಶಿಲ್ಪ ಕಚೇರಿ. ಇಂಥ ಮನೆ ಕಟ್ಟಿಸಬೇಕೆಂದಿರುವ ಕೆಲವರು ಕೇಳಿದ್ದರಿಂದ, ಅವರ ಕೆಲಸದಲ್ಲಿ ನಮಗೆ ಒಪ್ಪಿಗೆಯಾದದ್ದನ್ನೂ ಆಗದ್ದನ್ನೂ ಬರೆಯುತ್ತಿದ್ದೇನೆ.

ನಮ್ಮ ಹಳೆಯ ಮನೆ ಘಟಪ್ರಭೆಯ ಕಡೆಗಿನ ಓಣಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರು 519.60 ಮೀಟರ್ ಮಟ್ಟದವರೆಗೆ ನಿಲ್ಲುವುದೆಂದಾದಾಗ ಆ ಓಣಿಯನ್ನು ಬಿಡಬೇಕಾಯಿತು. ಬಿಡುವ ಮೊದಲು ತಂದೆಯವರು ಆರು ಸಾಗವಾನಿ ಕಂಬಗಳನ್ನೂ ಅವುಗಳ ತಲೆಯ ಮೇಲೆ ತೊಲೆಗೆ ಆಸರೆಯಾಗುವ ಬೋದಿಗೆಗಳನ್ನೂ ತಲಬಾಗಿಲಿನ ಚೌಕಟ್ಟನ್ನೂ ಬಿಚ್ಚಿಸಿ ತಂದಿದ್ದರು. ವರ್ಷಗಟ್ಟಲೆ ಅವು ತಾಡಪತ್ರಿಯ ಕೆಳಗೆ ಬಿದ್ದಿದ್ದವು. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ಕೈಹಚ್ಚಿದ್ದರೂ ನಿವೇಶನಗಳ ಮೇಲೆ ಎದ್ದ ಮನೆಗಳು ಬಹುಪಾಲು ಸಿಮೆಂಟ್ ಬ್ಲಾಕು ಮತ್ತು ಆರ್‌ಸಿಸಿಯವೇ ಆಗಿವೆ. ಏಪ್ರಿಲ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅಂಥ ಮನೆಯೊಳಗೆ ಇರುವುದೆಂದರೇನೆಂಬುದು ನಮಗೆ ಚೆನ್ನಾಗಿ ಗೊತ್ತಿತ್ತು.

ಕಚೇರಿಯ ಮೊದಲ ನಕ್ಷೆ ನಮಗೆ ಹಿಡಿಸಲಿಲ್ಲ. ಕಂಬಗಳನ್ನು ಮುಂಭಾಗದಲ್ಲಿ ಸಾಲಾಗಿ ನಿಲ್ಲಿಸಿ, ಮೇಲೆ ಇಳಿಜಾರಾದ ಹಂಚಿನ ಮಾಡು ಹಾಕಿದ್ದರು. ಚಿತ್ರದಲ್ಲಿ ಅದು ಅಂದವಾಗಿತ್ತು, ಆದರೆ ಅಂಥ ಮಾಡು ಖಾನಾಪುರದ ಕಡೆಯ ಮಳೆಗೆ ಬೇಕಾದದ್ದು. ವರ್ಷಕ್ಕೆ 600 ಮಿಲಿಮೀಟರೂ ಮಳೆಯಾಗದ ನಮ್ಮಲ್ಲಿ ಮಾಳಿಗೆ ಎಂಬುದು ಮನೆಯ ಇನ್ನೊಂದು ಕೋಣೆಯೇ: ಅಲ್ಲಿ ಮೆಣಸಿನಕಾಯಿ ಒಣಗುತ್ತದೆ, ಶಾವಿಗೆ ಮತ್ತು ಸಂಡಿಗೆ ಒಣಗುತ್ತವೆ, ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಅಲ್ಲಿಯೇ ಮಲಗುತ್ತಾರೆ. ಇದನ್ನು ವಿವರಿಸಿದಾಗ ಅವರು ವಾದಿಸದೆ ನಕ್ಷೆಯನ್ನು ಬದಲಿಸಿದರು ಎಂಬುದನ್ನು ಮೆಚ್ಚುಗೆಯಿಂದಲೇ ಹೇಳಬೇಕು. ಮಾಳಿಗೆ ಸಮತಟ್ಟಾಯಿತು, ಕಂಬಗಳು ಪಡಸಾಲೆಯ ಒಳಗೆ ಬಂದು, ಮೊದಲಿನಂತೆ ತೊಲೆಯ ಭಾರವನ್ನು ಹೊತ್ತುಕೊಂಡು ನಿಂತವು. ಉಳಿದ ಕೋಣೆಗಳಿಗೆ ಫಿಲ್ಲರ್ ಸ್ಲ್ಯಾಬ್ ಹಾಕಿದ್ದಾರೆ. ಸ್ಲ್ಯಾಬಿನ ಕೆಳಪದರದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣವೇ ಹೊರತು ಕಾಂಕ್ರೀಟ್ ಅಲ್ಲವಾದ್ದರಿಂದ, ಕಬ್ಬಿಣದ ಸರಳುಗಳ ನಡುವೆ ಜೋಡಿ ಹಂಚುಗಳನ್ನಿಟ್ಟು ಅಷ್ಟು ಕಾಂಕ್ರೀಟನ್ನು ಉಳಿಸಲಾಗಿದೆ. ಹಂಚುಗಳ ನಡುವಿನ ಗಾಳಿ ಬಿಸಿಯನ್ನೂ ತಡೆಯುತ್ತದೆ.

ಅವರ ಕೆಲಸದಲ್ಲಿ ಅತ್ಯುತ್ತಮವಾದದ್ದು ಗೋಡೆ. ಬಾದಾಮಿಯ ಗುಹೆಗಳನ್ನು ಕೊರೆದದ್ದು ಯಾವ ಕೆಂಪು ಮರಳುಗಲ್ಲಿನಲ್ಲಿಯೋ ಅದೇ ಜಾತಿಯ ಕಲ್ಲಿನಲ್ಲಿ ಒಂದೂವರೆ ಅಡಿ ದಪ್ಪಕ್ಕೆ ಕಟ್ಟಿಸಿದ್ದಾರೆ. ಕೆಲಸ ನಡೆಯುತ್ತಿದ್ದಾಗ ಹಿರಿಯ ಗೌಂಡಿಯೊಬ್ಬರು ಪ್ರತಿ ಕಲ್ಲನ್ನೂ ಕೈಯಲ್ಲಿ ತಿರುಗಿಸಿ, ನೀರು ಚಿಮುಕಿಸಿ, ಅದರ ಪದರ ಯಾವ ಕಡೆಗಿದೆ ಎಂದು ನೋಡಿಯೇ ಇಡುತ್ತಿದ್ದುದನ್ನು ನಾನು ದಿನವೂ ಕಂಡಿದ್ದೇನೆ. ಮರಳುಗಲ್ಲು ನೆಲದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲಿಯೂ ಹಾಗೆಯೇ ಮಲಗಬೇಕು. ಪದರಗಳು ನೆಟ್ಟಗೆ ನಿಂತರೆ ಕಾಲಕ್ರಮದಲ್ಲಿ ಮುಖ ಸುಲಿಯುತ್ತದೆ. ಸಂದುಗಳಿಗೆ ಸಿಮೆಂಟ್ ಮುಟ್ಟಿಸಲಿಲ್ಲ, ಅಳಲೆಕಾಯಿ ಮತ್ತು ಬೆಲ್ಲದ ನೀರಿನಲ್ಲಿ ಕಲಸಿದ ಸುಣ್ಣದ ಗಚ್ಚನ್ನೇ ಬಳಸಿದರು. ಸಿಮೆಂಟ್ ಮೆತ್ತಿದರೆ ಕಲ್ಲಿನೊಳಗಿನ ತೇವ ಹೊರಗೆ ಹೋಗಲಾರದೆ ಕಲ್ಲನ್ನೇ ತಿನ್ನುತ್ತದೆ, ಗಚ್ಚು ಅದನ್ನು ಹೊರಬಿಡುತ್ತದೆ. ಆದರೆ ಗಚ್ಚು ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವ ವಸ್ತು. ಅದು ಬೇಗ ಒಣಗದಂತೆ ವಾರಗಟ್ಟಲೆ ಗೋಡೆಗೆ ಗೋಣಿಚೀಲ ಹೊದಿಸಿ ನೀರು ಹನಿಸಬೇಕಾಯಿತು. ಹತ್ತು ತಿಂಗಳೆಂದು ಹೇಳಿದ ಕೆಲಸ ಹದಿನಾರು ತಿಂಗಳಿಗೆ ಮುಗಿದದ್ದಕ್ಕೆ ಇದೂ ಒಂದು ಕಾರಣ, ಮತ್ತು ಇದನ್ನು ಅವರು ಮೊದಲೇ ತಿಳಿಸಬೇಕಿತ್ತು. ದಪ್ಪ ಗೋಡೆಗಳು 30×40 ಅಡಿಯ ನಿವೇಶನದಲ್ಲಿ ಎಷ್ಟು ಜಾಗ ನುಂಗುತ್ತವೆ ಎಂಬುದನ್ನೂ ನಾವು ಪಾಯ ತೋಡಿದ ಮೇಲೆಯೇ ಅರಿತೆವು.

ದೊಡ್ಡ ತಪ್ಪು ನಡೆದದ್ದು ಬೆಳಕಿಂಡಿಯಲ್ಲಿ. ಪಡಸಾಲೆಯ ನಡುವೆ ಬೆಳಕಿಂಡಿ ಬಿಟ್ಟು, ಅದಕ್ಕೆ ಅಲುಗದಂತೆ ದಪ್ಪ ಗಾಜು ಕೂಡಿಸಿದರು. ಬೆಳಗಿನ ಬೆಳಕು ಕಂಬದ ಮೇಲೆ ಬೀಳುವುದು ನೋಡಲು ಬಲು ಸೊಗಸು. ಮೊದಲ ಬೇಸಿಗೆಯಲ್ಲಿ ಮಾತ್ರ, ಹಗಲೆಲ್ಲ ತಂಪಾಗಿದ್ದ ಮನೆ ರಾತ್ರಿ ಹತ್ತರ ನಂತರ ಕಾಯತೊಡಗಿತು. ಕಲ್ಲಿನ ಗೋಡೆ ಹಗಲು ಹೀರಿದ ಬಿಸಿಯನ್ನು ಸಂಜೆಯ ಮೇಲೆ ಒಳಕ್ಕೆ ಬಿಡುತ್ತದೆ. ಆ ಬಿಸಿಗಾಳಿ ಮೇಲೇರಿ ಹೊರಗೆ ಹೋಗುವ ದಾರಿಯನ್ನೇ ಗಾಜು ಮುಚ್ಚಿತ್ತು. ಕಚೇರಿಯ ಹುಡುಗ ನೋಡಲು ಬಂದಾಗ ನಮ್ಮ ತಾಯಿಯವರು, "ಬೆಳಕಿಂಡಿ ಅಂದ್ರ ಬರೇ ಬೆಳಕಿಗೆ ಅಲ್ಲಪಾ ತಮ್ಮಾ, ಮನಿ ಉಸಿರಾಡೂದು ಅದರಾಗ" ಎಂದು ಹೇಳಿದರು. ಕೊನೆಗೆ ಅದೇ ಹಿರಿಯ ಗೌಂಡಿಯ ಸಲಹೆಯಂತೆ ಕಿಂಡಿಯ ಸುತ್ತ ಒಂದಡಿ ಎತ್ತರದ ಕಟ್ಟೆ ಕಟ್ಟಿ, ಬದಿಗಳಿಗೆ ಜಾಳಿಗೆ ಹಾಕಿ, ಗಾಜನ್ನು ಅದರ ಮೇಲೆ ಏರಿಸಿದರು. ಈ ಬದಲಾವಣೆಗೆ ಅವರು ಹಣ ಕೇಳಲಿಲ್ಲ. ಈ ವರ್ಷ ಮೇ ತಿಂಗಳಲ್ಲಿಯೂ ಪಡಸಾಲೆಯಲ್ಲಿ ಒಂದು ಫ್ಯಾನ್ ಸಾಕಾಯಿತು.

ಒಟ್ಟು ಖರ್ಚು, ಇಷ್ಟೇ ದೊಡ್ಡ ಬ್ಲಾಕಿನ ಮನೆಗೆ ನಾವು ಕೇಳಿಸಿಕೊಂಡಿದ್ದ ದರಕ್ಕಿಂತ ಸುಮಾರು ಕಾಲುಪಾಲು ಹೆಚ್ಚಾಯಿತು. ಹೆಚ್ಚಿನದು ಕೂಲಿಗೆ ಹೋದದ್ದರಿಂದ ನನಗೆ ಅದರ ಬಗ್ಗೆ ತಕರಾರಿಲ್ಲ. ಇವರಿಗೆ ಕೆಲಸ ಕೊಡುವವರು ನಕ್ಷೆ ಒಪ್ಪುವ ಮೊದಲು ಮನೆಯ ಹಿರಿಯರನ್ನೂ ಗೌಂಡಿಯನ್ನೂ ಜೊತೆಗೆ ಕೂಡಿಸಿಕೊಂಡು ಮಾತಾಡುವುದು ಒಳ್ಳೆಯದು. ನಮ್ಮಲ್ಲಿ ಆ ಮಾತು ಒಂದು ವರ್ಷ ತಡವಾಗಿ ನಡೆಯಿತು. ಬಚ್ಚಲಮನೆಯ ಹೊರಗೋಡೆಯ ಬುಡದಲ್ಲಿ ಈಗ ಗೇಣುದ್ದ ಬಿಳಿ ಉಪ್ಪು ಕಾಣಿಸಿಕೊಂಡಿದೆ. ಕಚೇರಿಯವರು ಬಂದು ನೋಡಿದ್ದಾರೆ. ಸಿಮೆಂಟ್ ಮುಟ್ಟಿಸದೆ ಆ ಭಾಗದ ಗಚ್ಚನ್ನು ಕಿತ್ತು ಹೊಸದಾಗಿ ತುಂಬಲು ಮಳೆ ಮುಗಿಯುವುದನ್ನು ಕಾಯುತ್ತಿದ್ದೇವೆ.