ಬಿಜಿಎಂಐ ಆಡೋದಾ, ಫ್ರೀ ಫೈರ್ ಮ್ಯಾಕ್ಸಾ?

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಫ್ರೀ ಫೈರ್ ಮ್ಯಾಕ್ಸ್ (ಇಲ್ಲಿ ಬರೀ ಫ್ರೀ ಫೈರ್ ಅಂತೀವಿ) ಎರಡೂ ಫೋನಿನಲ್ಲಿ ಆಡುವ ಗುಂಡಿನ ಕಾದಾಟದ ಆಟಗಳು, ಕೊನೆಗೆ ಉಳಿದವರೇ ಗೆಲ್ಲೋದು. ಮೊದಲು ನಿಮ್ಮ ಹತ್ತಿರ ಎಷ್ಟು ಹೊತ್ತಿದೆ ನೋಡಿ. ಬಿಜಿಎಂಐನ ಎರಾಂಗಲ್‌ ಮ್ಯಾಪಿನಲ್ಲಿ 100 ಜನ ಇಳಿಯುತ್ತಾರೆ, ಕೊನೆವರೆಗೆ ಉಳಿದರೆ ಹೆಚ್ಚುಕಡಿಮೆ ಅರ್ಧ ಗಂಟೆ. ಫ್ರೀ ಫೈರ್‌ನಲ್ಲಿ 50 ಜನ, ಹತ್ತು-ಹದಿನೈದು ನಿಮಿಷಕ್ಕೆ ಮುಗೀತು. ಊಟದ ಬಿಡುವಿನಲ್ಲಿ ಆಡುವವರಿಗೆ ಇದೇ ಸರಿ.

ನಿಜವಾದ ವ್ಯತ್ಯಾಸ ಗೊತ್ತಾಗೋದು ಬಂದೂಕು ಹಿಡಿದಾಗ. ಬಿಜಿಎಂಐನಲ್ಲಿ ಎಕೆಎಂ ರೈಫಲ್‌ನ ಫೈರ್ ಬಟನ್ ಒತ್ತಿ ಹಿಡಿದರೆ ಗುರಿ ಮೇಲಕ್ಕೆ ಜಿಗಿಯುತ್ತದೆ. ಹೊಸಬರು ಎಂ416 ರೈಫಲ್‌ಗೆ ಈ ಜಿಗಿತ ತಗ್ಗಿಸುವ ಕಾಂಪೆನ್ಸೇಟರ್, ವರ್ಟಿಕಲ್ ಗ್ರಿಪ್ ಹಾಕಿ, ಟ್ರೈನಿಂಗ್ ಗ್ರೌಂಡಿನ ಗೋಡೆಗೆ ಒಂದು ಮ್ಯಾಗಜೀನ್ ಪೂರ್ತಿ ಖಾಲಿ ಮಾಡಿ. ಬೆರಳನ್ನು ಕೆಳಕ್ಕೆ ಎಳೆದರೂ ಗುಂಡಿನ ಗುರುತು ಮೇಲೇರುತ್ತಿದ್ದರೆ ಬಂದೂಕಿಗೆ ಹಾಕಿದ ಸ್ಕೋಪಿನ ಎಡಿಎಸ್ ಸೆನ್ಸಿಟಿವಿಟಿ (ಗುಂಡು ಹಾರಿಸುವಾಗ ಬೆರಳು ಎಳೆದರೆ ಗುರಿ ಎಷ್ಟು ಸರಿಯಬೇಕೆಂಬ ಸೆಟ್ಟಿಂಗ್) ಐದೈದರಂತೆ ಹೆಚ್ಚಿಸಿ, ನೆಲಕ್ಕಿಳಿದರೆ ತಗ್ಗಿಸಿ. ಬೇರೆಯವರ ಸೆನ್ಸಿಟಿವಿಟಿ ಕೋಡ್ ನಕಲು ಮಾಡಿ ಪ್ರಯೋಜನವಿಲ್ಲ, ಪ್ರತಿ ಫೋನಿನ ಪರದೆ ಬೇರೆ.

ಫ್ರೀ ಫೈರ್‌ನಲ್ಲಿ ಗುರಿಗಿಂತ ಗ್ಲೂ ವಾಲ್, ಅಂದರೆ ಎದುರಿಗೆ ಥಟ್ಟನೆ ಏಳಿಸುವ ರಕ್ಷಣೆಯ ಗೋಡೆ, ಮುಖ್ಯ. ಗುಂಡು ಬಿದ್ದ ಕೂಡಲೇ ಗೋಡೆ ಏಳಿಸಬೇಕು. ಆ ಬಟನ್ ಹೆಬ್ಬೆರಳಿಗೆ ದೂರವಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಹತ್ತಿರಕ್ಕೆ ತನ್ನಿ. ಪಾತ್ರಗಳ ಸ್ಕಿಲ್ (ವಿಶೇಷ ಶಕ್ತಿ) ಬೇರೆಬೇರೆ ಇರುವುದರಿಂದ ಸಮಬಲದ ಕಾದಾಟ ಬಯಸುವವರಿಗೆ ರೇಗುತ್ತದೆ, ನಮಗೂ!

ಕಡಿಮೆ ರ‍್ಯಾಮಿನ ಫೋನಿಗೆ ಫ್ರೀ ಫೈರ್ ಹಗುರ. ಬಿಜಿಎಂಐ ಆಡುವುದಾದರೆ ಗ್ರಾಫಿಕ್ಸ್ 'ಸ್ಮೂತ್', ಫ್ರೇಮ್ ರೇಟ್ ಫೋನ್ ತಾಳುವಷ್ಟು ಮೇಲೆ ಇಡಿ. ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ: ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತದೆ, ಆಡುವ ಜಾಗ ಕುಗ್ಗಿ ಉಳಿಯುವ ಕೊನೆಯ ಸರ್ಕಲ್‌ನಲ್ಲಿ ಆಟ ತಡವರಿಸುತ್ತದೆ.

ಇನ್ನು, ಗೆಳೆಯರ ಸ್ಕ್ವಾಡ್ ಈಗಾಗಲೇ ಒಂದು ಆಟದಲ್ಲಿದ್ದರೆ ಮೇಲಿನದ್ದೆಲ್ಲ ಬಿಟ್ಟು ಅದನ್ನೇ ಇಳಿಸಿಕೊಳ್ಳಿ.