ಎಲೈಜಾನಾ, ರೀಟಾನಾ? ಎರಡನ್ನೂ ಓದಿ ನೋಡಿದೆವು

ಈ ಸಲದ ನಾಟಕಕ್ಕೆ ನಮ್ಮ ತಂಡದ ಮುಂದೆ ಎರಡು ಹೆಸರಿದ್ದವು. ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’, ವಿಲ್ಲಿ ರಸೆಲ್ ಅವರ ‘ಎಜುಕೇಟಿಂಗ್ ರೀಟಾ’. ಎರಡರಲ್ಲೂ ಬಡ ಮನೆಯ ಹೆಣ್ಣು ಕಲಿತು ಬೇರೆಯವಳಾಗುತ್ತಾಳೆ, ಎರಡೂ ಚೆನ್ನಾಗಿ ನಗಿಸುತ್ತವೆ. ನಾಲ್ಕು ಭಾನುವಾರ ಮುಂಬೈನ ಮಾಟುಂಗಾದ ಒಬ್ಬರ ಮನೆಯಲ್ಲಿ ಕೂತು, ನಾವೇ ಕನ್ನಡಕ್ಕೆ ತಂದುಕೊಂಡ ದೃಶ್ಯಗಳನ್ನು ಗಟ್ಟಿಯಾಗಿ ಓದಿದೆವು.

ಶಾ ನಾಟಕ ಮೊದಲು ರಂಗಕ್ಕೆ ಬಂದಿದ್ದು 1913ರಲ್ಲಿ. ಮುಂಬೈಯವರಿಗೆ ಆ ಕಥೆ ಹೊಸದಲ್ಲ. ಪು.ಲ. ದೇಶಪಾಂಡೆ ಅದನ್ನು ಮರಾಠಿಗೆ ‘ತೀ ಫುಲರಾಣಿ’ ಅಂತ ತಂದರು, ಅಲ್ಲಿ ಎಲೈಜಾಳೇ ಮಂಜುಳಾ, ಆ ಪಾತ್ರದಲ್ಲಿ ಭಕ್ತಿ ಬರ್ವೆ ಮನೆಮಾತಾದರು. ನಮ್ಮ ಪಕ್ಕದ ಮನೆಯ ಆಜಿಗೆ ಮಂಜುಳಾಳ ಸ್ವಗತ ಇವತ್ತಿಗೂ ಬಾಯಿಪಾಠ. ಹಾಗಾಗಿ ಮೊದಲ ದಿನ ಎಲ್ಲರ ಮತ ಶಾಗೇ. ಹೂ ಮಾರುವ ಎಲೈಜಾ, ತನಗೆ ದೊಡ್ಡ ಮನೆಯವರ ಹಾಗೆ ಮಾತಾಡಲು ಕಲಿಸುತ್ತಿರುವ ಪ್ರೊಫೆಸರರ ಅಮ್ಮನ ಮನೆಗೆ ಬಂದು, ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಹಾಗೆ ಉಚ್ಚರಿಸುತ್ತಾ, ಚಿಕ್ಕಮ್ಮನನ್ನು ಮನೆಯವರೇ ಮುಗಿಸಿರಬೇಕು ಅಂತ ಹೇಳುವ ದೃಶ್ಯ ಓದುವಾಗ, ಚಹಾ ಕುಡಿಯುತ್ತಿದ್ದ ಇಬ್ಬರಿಗೆ ನೆತ್ತಿಗೇರಿತು.

ತೊಡಕಾಗಿದ್ದು ಭಾಷೆ. ಎಲೈಜಾ ಆಡುವುದು ಕಾಕ್ನಿ, ಲಂಡನ್ನಿನ ದುಡಿಯುವ ಜನರ ಆಡುಮಾತು. ಕನ್ನಡದಲ್ಲಿ ಅವಳು ಯಾವ ಊರಿನ ಮಾತಾಡಬೇಕು? ಕುಂದಾಪ್ರ ಕನ್ನಡ ಅಂದರು ಯಾರೋ. ಅದು ನನ್ನ ಮನೆಮಾತು, ಹಾಗಾಗಿ ಹೆಣ್ಣು ಪಾತ್ರವಾದರೂ ನಾನೇ ಓದಿದೆ. ನಾನು ‘ಹೋಯ್ಕ್’ ಅಂದ ಕೂಡಲೇ ಪ್ರೊಫೆಸರ್ ‘ಹೋಗಬೇಕು ಅನ್ನು’ ಅಂತ ತಿದ್ದಬೇಕು. ಎಲ್ಲರೂ ನಕ್ಕರು. ನನಗೆ ಗಂಟಲು ಕಟ್ಟಿತು. ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಗೆ ಓಡುತ್ತಿದ್ದ ದಿನಗಳಲ್ಲಿ ಒಬ್ಬ ಮೇಷ್ಟ್ರು ಇದೇ ಮಾತಿಗೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಸರಿ, ಧಾರವಾಡದ ಕಡೆಯ ಮಾತು ಹಾಕೋಣ ಅಂದರೆ ಆಗ ನೋವು ಇನ್ನೊಬ್ಬರಿಗೆ, ಅಲ್ವಾ? ನಮ್ಮ ಪ್ರೇಕ್ಷಕರಲ್ಲಿ ಎಲ್ಲಾ ಕಡೆಯವರೂ ಇರುತ್ತಾರೆ.

‘ರೀಟಾ’ 1980ರದ್ದು. ಇಬ್ಬರೇ ನಟರು, ಒಂದೇ ಕೋಣೆ. ತಲೆಗೂದಲು ಕತ್ತರಿಸುವ ಕೆಲಸದ 26ರ ಹೆಣ್ಣು, ದುಡಿಯುವವರೂ ಓದಬಹುದಾದ ಓಪನ್ ಯೂನಿವರ್ಸಿಟಿಗೆ ಸೇರಿ, ಕುಡುಕ ಪ್ರೊಫೆಸರ್ ಫ್ರಾಂಕ್ ಹತ್ತಿರ ಸಾಹಿತ್ಯ ಕಲಿಯಲು ಬರುತ್ತಾಳೆ. ಇಬ್ಸೆನ್ನರ ‘ಪೀರ್ ಗಿಂಟ್’ ನಾಟಕವನ್ನು ರಂಗದ ಮೇಲೆ ತರುವ ಕಷ್ಟ ಹೇಗೆ ಬಗೆಹರಿಸುತ್ತೀ ಅಂತ ಪ್ರಬಂಧ ಕೊಟ್ಟರೆ, ರೇಡಿಯೋದಲ್ಲಿ ಮಾಡಿ ಅಂತ ಒಂದೇ ಸಾಲು ಬರೆದು ತರುತ್ತಾಳೆ. ಅವಳು ಓದುವುದನ್ನು ಸಹಿಸದ ಗಂಡ ಪುಸ್ತಕ ಸುಡುತ್ತಾನೆ. ಮುಂದೆ ಅವಳೇ ದನಿ ಬದಲಿಸಿ ನಯವಾಗಿ ಮಾತಾಡತೊಡಗಿದಾಗ, ನೀನು ನಿನ್ನ ಹಾಗೇ ಮಾತಾಡು ಅಂತ ಹೇಳುವವನು ಪ್ರೊಫೆಸರೇ. ಇಲ್ಲಿ ಕುಂದಾಪ್ರ ಕನ್ನಡ ಹಾಕಿದರೆ ಅದು ತಿದ್ದಬೇಕಾದ ತಪ್ಪಾಗಿ ಉಳಿಯುವುದಿಲ್ಲ. ನನಗೆ ಇದೇ ದೊಡ್ಡದು.

ಆ ಊಟದ ಪ್ರಸಂಗ ಬೇರೆ ಇದೆ. ಫ್ರಾಂಕ್ ಮನೆಗೆ ಊಟಕ್ಕೆ ಕರೆದಿರುತ್ತಾನೆ, ಅವಳು ವೈನ್ ಬಾಟ್ಲಿ ಹಿಡಿದು ಬಾಗಿಲವರೆಗೆ ಬಂದು, ಒಳಗೆ ಹೋಗಲಾರದೆ ತಿರುಗಿ ಹೋಗುತ್ತಾಳೆ. ಹತ್ತನೇ ಕ್ಲಾಸು ಪಾಸಾದ ವರ್ಷ ಒಬ್ಬ ಬ್ಯಾಂಕಿನವರು ನನ್ನನ್ನು ದಾದರಿನ ಮನೆಗೆ ಊಟಕ್ಕೆ ಕರೆದಿದ್ದರು. ಪೇಢೆಯ ಪೊಟ್ಟಣ ಹಿಡಿದು ಎರಡನೇ ಮಹಡಿ ತನಕ ಹತ್ತಿದ್ದೆ. ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳನ್ನು ನೋಡಿ, ನನ್ನ ಹವಾಯಿ ಚಪ್ಪಲಿ ನೋಡಿಕೊಂಡು, ಸುಮ್ನೆ ಇಳಿದು ಬಂದೆ. ಪೊಟ್ಟಣ ಲೋಕಲ್ ಟ್ರೈನಿನಲ್ಲೇ ಮರೆತೆ.

ಶಾ ಕಮ್ಮಿ ಅಂತ ಅಲ್ಲ. ಎಲೈಜಾ ಕೂಡ ತಾನೇ ಕಾಸು ತಂದು ಕಲಿಸಿ ಅಂತ ಕೇಳಿದವಳು. ಅವಳನ್ನು ದೊಡ್ಡ ಮನೆಯವಳೆಂದು ನಂಬಿಸುವ ಪಂದ್ಯ ಗೆದ್ದ ಪ್ರೊಫೆಸರರ ಮೇಲೆ ಚಪ್ಪಲಿ ಎಸೆದು, ಇನ್ನು ನಾನೇನು ಮಾಡಲಿ ಅಂತ ಅವಳು ಕೇಳುವ ಪ್ರಶ್ನೆಯ ಚೂಪು ರೀಟಾಳ ನಾಟಕದಲ್ಲಿ ಎಲ್ಲೂ ಸಿಗಲಿಲ್ಲ. ಆದರೆ ಐದು ಅಂಕ, ಜಾಸ್ತಿ ಪಾತ್ರಗಳು. ಡೊಂಬಿವಲಿ, ವಸಾಯಿಯಿಂದ ಅಷ್ಟೂ ಜನ ಪ್ರತಿ ಸಂಜೆ ರಿಹರ್ಸಲ್‌ಗೆ ಬರುವುದು ಆಗದ ಮಾತು. ರೀಟಾಳ ಕಷ್ಟ ಬೇರೆ: ಇಬ್ಬರೇ ಇಡೀ ನಾಟಕದ ಮಾತು ನೆನಪಿಡಬೇಕು, ಚೆಖೋವ್, ಬ್ಲೇಕ್‌ರಂಥ ಲೇಖಕರ ಹೆಸರುಗಳು ಬಂದಾಗ ಹಿಂದಿನ ಸಾಲಿನವರು ಆಕಳಿಸದ ಹಾಗೆ ನೋಡಿಕೊಳ್ಳಬೇಕು.

ಕೊನೆಯ ಭಾನುವಾರ ಕೈ ಎತ್ತಿಸಿದೆವು. ಎಂಟರಲ್ಲಿ ಆರು ಕೈ ರೀಟಾಗೆ. ಮೊದಲ ದೃಶ್ಯದಲ್ಲೇ ಅವಳು ತಳ್ಳಿ ತಳ್ಳಿ ಒಳಗೆ ಬರುತ್ತಾಳೆ, ಫ್ರಾಂಕನ ಬಾಗಿಲಿನ ಹಿಡಿ ಕೆಟ್ಟಿರುತ್ತದೆ. ಅಂಥದೊಂದು ಹಳೆ ಬಾಗಿಲು ಈಗ ಹುಡುಕುತ್ತಿದ್ದೇವೆ.